ಬಾಗಿಲ ಪಕ್ಕದ ಕುರ್ಚಿ

ಮೀಟಿಂಗ್‌ಗೆ ಎಲ್ಲರಿಗಿಂತ ಹತ್ತು ನಿಮಿಷ ಮೊದಲೇ ಹೋಗುತ್ತಿದ್ದೆ. ಟೈಮ್ ಅಂದ್ರೆ ಟೈಮ್ ಅಂತ ಒಳ್ಳೆ ಹೆಸರೂ ಬಂದಿತ್ತು. ಅಸಲಿಗೆ ನನಗೆ ಬೇಕಿದ್ದದ್ದು ಬಾಗಿಲ ಪಕ್ಕದ ಕುರ್ಚಿ. ಅಲ್ಲಿಂದ ಟಾಯ್ಲೆಟ್‌ಗೆ 42 ಹೆಜ್ಜೆ. ಬ್ಯಾಗಿನಲ್ಲಿ ಮಾತ್ರೆ, ಒಂದು ಜೊತೆ ಒಳಬಟ್ಟೆ, ಒಂದು ಪ್ಯಾಂಟು. ಇದನ್ನೆಲ್ಲ ಯಾರಿಗೆ ಹೇಳೋದು?

ನನಗಿರುವುದು ಐಬಿಎಸ್, ಅಂದರೆ ಇರಿಟೇಬಲ್ ಬವೆಲ್ ಸಿಂಡ್ರೋಮ್ ಅನ್ನುವ ಕರುಳಿನ ತೊಂದರೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ಕೆಳಹೊಟ್ಟೆ ಹಿಂಡುತ್ತದೆ, ಆಮೇಲೆ ಅವಸರ. ರಕ್ತ, ಮಲ, ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೊಸ್ಕೋಪಿ ಎಲ್ಲ ಪರೀಕ್ಷೆಯೂ ಆಯಿತು. ರಿಪೋರ್ಟ್ ನಾರ್ಮಲ್. ಖುಷಿಪಡಬೇಕಾದ ಮಾತು ಕೇಳಿ ನನಗೆ ಅಳು ಬಂತು. ಹಾಗಾದರೆ ನನ್ನ ನೋವು ಸುಳ್ಳಾ?

‘ಸುಳ್ಳಲ್ಲ’ ಅಂದರು ಡಾಕ್ಟ್ರು. ಕರುಳಿನ ಗೋಡೆಯಲ್ಲೇ ಹತ್ತು ಕೋಟಿಗೂ ಜಾಸ್ತಿ ನರಕೋಶಗಳಿವೆಯಂತೆ. ವೇಗಸ್ ಅನ್ನುವ ನರ ಮೆದುಳಿಗೂ ಹೊಟ್ಟೆಗೂ ಮಧ್ಯೆ ಸುದ್ದಿ ಒಯ್ಯುತ್ತಲೇ ಇರುತ್ತದೆ. ಐಬಿಎಸ್ ಇರುವ ಎಷ್ಟೋ ಜನರಲ್ಲಿ ಈ ನರಗಳು ತೀರಾ ಸೂಕ್ಷ್ಮ. ಬೇರೆಯವರಿಗೆ ಗೊತ್ತೇ ಆಗದಷ್ಟು ಗ್ಯಾಸ್ ತುಂಬಿದರೂ ನಮಗೆ ನೋವು. ಹೆದರಿದರೆ ಕರುಳಿನ ಓಟವೂ ಬದಲಾಗುತ್ತದೆ, ನೋವೂ ಏರುತ್ತದೆ. ನೋವು ಏರಿದರೆ ಮತ್ತೆ ಹೆದರಿಕೆ. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ ಅಂತಾರಲ್ಲ, ನನಗೆ ಹೊಟ್ಟೆ ಸುಮ್ನೆ ಗುರ್ ಅಂದರೂ ಸಾಕಿತ್ತು.

‘ಟೆನ್ಷನ್ ಮಾಡ್ಕೋಬೇಡಿ’ ಅನ್ನುವ ಸಲಹೆಯಷ್ಟು ಕೆಲಸಕ್ಕೆ ಬಾರದ್ದು ಇನ್ನೊಂದಿಲ್ಲ. ಮಾಡ್ಕೋಬಾರದು ಅಂತ ನನಗೂ ಗೊತ್ತು, ಅಲ್ವಾ? ಹೇಗೆ ಅಂತ ಹೇಳಿಕೊಟ್ಟವರು ಕೌನ್ಸೆಲರ್ ಮೇಡಂ. ಮೊದಲು ಒಂದು ನೋಟ್‌ಬುಕ್ ಇಡಿಸಿದರು. ದಿನಕ್ಕೆ ನಾಲ್ಕು ಸಲ ಎರಡೇ ಅಂಕಿ: ನೋವು ಹತ್ತಕ್ಕೆ ಎಷ್ಟು, ಭಯ ಹತ್ತಕ್ಕೆ ಎಷ್ಟು. ಮೂರು ವಾರ ಬರೆದು ನೋಡಿದರೆ ನನಗೇ ಆಶ್ಚರ್ಯ. ಮೀಟಿಂಗ್ ಇದ್ದ ಗುರುವಾರ ಬೆಳಗ್ಗೆ ನೋವು 2, ಭಯ 8. ಮಧ್ಯಾಹ್ನದ ಹೊತ್ತಿಗೆ ನೋವು 7. ಮನೆಯಲ್ಲೇ ಇದ್ದ ಭಾನುವಾರ ನೋವು 6, ಭಯ 1. ಸಂಜೆಗೆ ನೋವು ತಾನೇ ಇಳಿದಿತ್ತು. ಎಲ್ಲ ದಿನವೂ ಹೀಗೇ ಅಲ್ಲ. ಸುಮ್ಮಸುಮ್ಮನೆ ನೋವು ಬಂದ ದಿನಗಳೂ ಇದ್ದವು. ಆದರೂ ಭಯ ಮುಂದೆ, ನೋವು ಹಿಂದೆ ಬಂದ ಪುಟಗಳೇ ಜಾಸ್ತಿ.

ಆಮೇಲೆ ಉಸಿರು. ಹೊಟ್ಟೆ ಮೇಲೆ ಕೈ ಇಟ್ಟು, ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಎದೆ ಅಲ್ಲ, ಕೈ ಏಳಬೇಕು. ಮೊದಲ ಎರಡು ವಾರ ಏನೂ ಆಗಲಿಲ್ಲ, ಬಿಟ್ಟೇಬಿಡುತ್ತಿದ್ದೆ. ತಪ್ಪು ನನ್ನದೇ: ನೋವು ಬಂದಾಗ ಮಾತ್ರ ಮಾಡುತ್ತಿದ್ದೆ. ನೆರೆ ಬಂದಾಗ ಈಜು ಕಲಿಯಲು ಹೊರಟ ಹಾಗೆ. ಚೆನ್ನಾಗಿರುವಾಗ ದಿನಾ ರಾತ್ರಿ ಹತ್ತು ನಿಮಿಷ ಮಾಡಿದ ಮೇಲೆ ಒಂದೂವರೆ ತಿಂಗಳಿಗೆ ಹಿಡಿತಕ್ಕೆ ಬಂತು. ನೋವು ಮಾಯವಾಗಲಿಲ್ಲ. ಎದೆ ಡವಡವ ಅನ್ನುವುದು ಬೇಗ ನಿಲ್ಲತೊಡಗಿತು.

ಊಟದ ವಿಷಯದಲ್ಲಿ ಮಾತ್ರ ಕೆಟ್ಟೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಲೋ ಫಾಡ್‌ಮ್ಯಾಪ್ ಪಥ್ಯ ಹಿಡಿದೆ, ಅಂದರೆ ಸರಿಯಾಗಿ ಜೀರ್ಣವಾಗದೆ ಗ್ಯಾಸ್ ಮಾಡುವ ಕೆಲವು ಬಗೆಯ ಸಕ್ಕರೆ ಅಂಶ ಕಡಿಮೆ ಇರುವ ಊಟ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಂಥವನ್ನೆಲ್ಲ ಕೆಲವು ವಾರ ಬಿಟ್ಟು, ಆಮೇಲೆ ಒಂದೊಂದೇ ಸೇರಿಸುತ್ತ ಹೊಟ್ಟೆಗೆ ಆಗದ್ದು ಯಾವುದು ಅಂತ ಪತ್ತೆ ಮಾಡಬೇಕು. ನಾನು ಬಿಟ್ಟಿದ್ದನ್ನು ಎಂಟು ತಿಂಗಳು ಸೇರಿಸಲೇ ಇಲ್ಲ, ಹೆದರಿಕೆಗೆ. ತೂಕ ಇಳಿಯಿತು. ತೂಕ ಇಳಿಯುವುದು, ಮಲದಲ್ಲಿ ರಕ್ತ, ಜ್ವರ, ನಿದ್ದೆಯಿಂದ ಎಬ್ಬಿಸುವ ಹೊಟ್ಟೆ ಇವನ್ನೆಲ್ಲ ಆತಂಕದ ಲೆಕ್ಕಕ್ಕೆ ಹಾಕಬಾರದು. ಹಾಗಾಗಿ ಡಾಕ್ಟ್ರು ಮತ್ತೆ ಪರೀಕ್ಷೆ ಮಾಡಿಸಿದರು. ಬೇರೆ ಕಾಯಿಲೆ ಇರಲಿಲ್ಲ, ನಾನು ತಿನ್ನುತ್ತಿರಲಿಲ್ಲ ಅಷ್ಟೇ. ಡಯೆಟಿಷಿಯನ್ ಜೊತೆ ಕೂತು ಒಂದೊಂದಾಗಿ ವಾಪಸ್ ತಂದೆ. ಬೆಳ್ಳುಳ್ಳಿ ಇವತ್ತಿಗೂ ಆಗಲ್ಲ. ಗೋಧಿಯಿಂದ ಏನೂ ಆಗಲಿಲ್ಲ.

ಅಮಿಟ್ರಿಪ್ಟಿಲಿನ್ ಬರೆದುಕೊಟ್ಟಾಗ ‘ಇದು ಡಿಪ್ರೆಷನ್ ಮಾತ್ರೆ ಅಲ್ವಾ ಸರ್?’ ಅಂತ ಕೇಳಿದ್ದೆ. ಸಣ್ಣ ಪ್ರಮಾಣದಲ್ಲಿ ಅದನ್ನು ಕರುಳಿನ ನೋವಿಗೇ ಕೊಡುತ್ತಾರೆ. ಐಬಿಎಸ್‌ಗೆ ಅದು ಉಪಯೋಗಕ್ಕೆ ಬರುತ್ತದೆ ಅಂತ 2023ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ಪ್ರಯೋಗದಲ್ಲೂ ಕಂಡುಬಂತು. ಬಾಯಿ ಒಣಗಿತು, ಬೆಳಗ್ಗೆ ಮಂಪರು. ನನಗೆ ಅನುಕೂಲವಾಯಿತು, ಡಾಕ್ಟ್ರನ್ನು ಕೇಳದೆ ಯಾರೂ ತಗೋಬೇಡಿ.

ಎಲ್ಲಕ್ಕಿಂತ ಕಷ್ಟವಾದದ್ದು ಕುರ್ಚಿ ಬಿಡುವುದು. ಮೇಡಂ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿ ಮಾಡಿಸಿದರು. ಮೊದಲು ಬ್ಯಾಗಿನಲ್ಲಿದ್ದ ಆ ಇನ್ನೊಂದು ಪ್ಯಾಂಟು ಮನೆಯಲ್ಲಿ ಬಿಡುವುದು. ಆಮೇಲೆ ಬಾಗಿಲಿಂದ ಎರಡನೇ ಕುರ್ಚಿ, ಮೂರನೆಯದು. ಪ್ರತಿ ಸಲವೂ ಏನಾಗುತ್ತೆ ಅಂದುಕೊಂಡಿದ್ದೇನೆ ಅಂತ ಮೊದಲೇ ಬರೆಯಬೇಕು, ನಿಜಕ್ಕೂ ಏನಾಯಿತು ಅಂತ ಆಮೇಲೆ. ‘ಎದ್ದು ಹೋದರೆ ಎಲ್ಲರೂ ತಿರುಗಿ ನೋಡ್ತಾರೆ’ ಅಂತ ಒಂಬತ್ತು ಸಲ ಬರೆದಿದ್ದೇನೆ. ಎರಡನೇ ಕುರ್ಚಿಯಲ್ಲೇ ಎರಡು ತಿಂಗಳು ಸಿಕ್ಕಿಕೊಂಡಿದ್ದೆ. ಮಧ್ಯೆ ಒಮ್ಮೆ ನೋವು ಜೋರಾಗಿ ವಾಪಸ್ ಬಾಗಿಲ ಪಕ್ಕಕ್ಕೇ ಬಂದೆ.

ಹೋದ ತಿಂಗಳು ಕಿಟಕಿ ಕಡೆ, ಐದು ಜನರ ಆಚೆ ಕೂತಿದ್ದೆ. ಅರ್ಧ ಗಂಟೆಗೆ ಹೊಟ್ಟೆ ಹಿಂಡಿತು. ಎಲ್ಲರ ಮೊಣಕಾಲು ದಾಟಿಕೊಂಡು ಎದ್ದು ಹೋಗಿ ಬಂದೆ. ಪಕ್ಕದವರು ಕಾಲು ಸರಿಸಿ ಜಾಗ ಬಿಟ್ಟರು, ಅಷ್ಟೇ. ಎಷ್ಟನೇ ಪುಟದಲ್ಲಿದ್ದೀವಿ ಅಂತ ಅವರನ್ನು ನಾನೇ ಕೇಳಿದೆ. ಅವರಿಗೂ ಗೊತ್ತಿರಲಿಲ್ಲ.