ಮನೆಗೇ ಹೋಗಿ ನೋವು ನೋಡುವ ಡಾಕ್ಟರಿಗೆ

ತೀರ್ಥಹಳ್ಳಿ, ಹೊಸನಗರದ ಕಡೆ ಹಾಸಿಗೆ ಹಿಡಿದ ಹಿರಿಯರನ್ನು ಮನೆಯಲ್ಲೇ ನೋಡುವುದು ನನ್ನ ಕೆಲಸ. ಉಪಶಮನ ಆರೈಕೆಗೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ಕೆಲಸಕ್ಕೆ ಬರುವ ಕಿರಿಯ ಡಾಕ್ಟರುಗಳಿಗೆ ಒಂದೆರಡು ಮಾತು ಹೇಳಬೇಕು.

ಮೊದಲು ಕೂತುಕೊಳ್ಳಿ. ಸ್ಟೆತೋಸ್ಕೋಪ್ ಆಮೇಲೆ. "ಅಜ್ಜಾ, ಎಲ್ಲಿ ಜಾಸ್ತಿ ನೋಯುತ್ತೆ? ರಾತ್ರಿ ನಿದ್ದೆ ಬರುತ್ತಾ?" ಎಂದು ಅವರನ್ನೇ ಕೇಳಿ, ಮಗನನ್ನಲ್ಲ.

ಕ್ಯಾನ್ಸರ್ ನೋವು ತೀವ್ರವಾಗಿದ್ದರೆ ಮಾರ್ಫಿನ್ ಎಂಬ ಬಲವಾದ ನೋವುನಿವಾರಕಕ್ಕೆ ಹೆದರಬೇಡಿ. ಅದರ ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ. ಹೊತ್ತಿಗೆ ಸರಿಯಾಗಿ ಕೊಡಬೇಕು, ನೋವು ಬರಲಿ ಎಂದು ಕಾಯಬಾರದು. ವಯಸ್ಸಾದವರಿಗೆ ಕಡಿಮೆ ಡೋಸಿನಿಂದ ಶುರು ಮಾಡಿ. ಕಿಡ್ನಿ ಸೋತಿದ್ದರೆ ಇನ್ನೂ ಹುಷಾರು. ಮಲಬದ್ಧತೆಗೆ ಔಷಧಿಯನ್ನು ಅದೇ ಚೀಟಿಯಲ್ಲಿ ಬರೆಯಿರಿ. ಇಲ್ಲದಿದ್ದರೆ ಹೊಟ್ಟೆ ಕಟ್ಟಿ, ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿಯಿಂದ ಮಾರ್ಫಿನ್‌ನ ಲೈಸೆನ್ಸ್ ಗೋಜಲು ಕಡಿಮೆಯಾಯಿತು. ಆದರೂ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಆಗುಂಬೆ ಕಡೆ ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟುತ್ತದೆ, ಅಲ್ವಾ? ಮಾತ್ರೆ ಮುಗಿಯುವ ಮುಂಚೆಯೇ ವ್ಯವಸ್ಥೆ ಮಾಡಿ.

ಮಗ್ಗುಲು ಬದಲಿಸುವುದು, ಬಾಯಿ ಒರೆಸುವುದು ಮನೆಯವರಿಗೆ ತೋರಿಸಿಕೊಡಿ. ಮಗಳು, ಸೊಸೆಗಷ್ಟೇ ಅಲ್ಲ, ಗಂಡು ಮಕ್ಕಳಿಗೂ. ಕೊನೆಯ ದಿನಗಳಲ್ಲಿ ಹಸಿವು ಕಡಿಮೆಯಾಗುವುದು ಸಹಜ. ಒತ್ತಾಯದಿಂದ ಗಂಜಿ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗಬಹುದು. ಇದನ್ನು ಸಮಾಧಾನವಾಗಿ ವಿವರಿಸಿ. ಆಗಾಗ ತುಟಿ ಒದ್ದೆ ಮಾಡಿದರೆ ಸಾಕು.