ಮುಂಬಯಿಯಿಂದ ಅಂಡಮಾನ್: ಜೇಬು ಸುಡದ ಕಡಲ ರಜೆಗೆ ಲೆಕ್ಕ ಹಾಕುವುದು ಹೇಗೆ?

"ಅಂಡಮಾನಾ? ಅಯ್ಯೋ, ಅಷ್ಟು ದುಡ್ಡಲ್ಲಿ ಬ್ಯಾಂಕಾಕ್‌ಗೇ ಹೋಗಿ ಬರಬಹುದಲ್ಲ!" ಮಾಟುಂಗಾದಲ್ಲಾಗಲಿ ಡೊಂಬಿವಲಿಯಲ್ಲಾಗಲಿ, ನಮ್ಮ ಮುಂಬಯಿ ಕನ್ನಡಿಗರ ಹತ್ತಿರ ಈ ವಿಷಯ ತೆಗೆದರೆ ಬರುವ ಮೊದಲ ಮಾತು ಇದೇ. ಪ್ಯಾಕೇಜಿನ ದರ ನೋಡಿದವರಿಗೆ ಹಾಗನ್ನಿಸುವುದು ಸಹಜ. ಆದರೆ ಆ ದರವನ್ನು ಒಮ್ಮೆ ಬಿಡಿಸಿ ನೋಡಿ. ಮೊದಲ ದೊಡ್ಡ ಪಾಲು ವಿಮಾನದ್ದು. ಆಮೇಲೆ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವ ಫೆರಿ, ಪ್ರತಿ ಸಲ ಜೆಟ್ಟಿಯಿಂದ ಹೋಟೆಲಿಗೆ ಕಾರು, ಅರ್ಧರ್ಧ ದಿನಕ್ಕೊಂದು 'ಪಾಯಿಂಟ್', ಅಲ್ಲೊಂದು ಬೋಟು. ಸುಮ್ನೆ ಒಂದು ಕಡೆ ಇರುವುದಕ್ಕೆ ಅಲ್ಲಿ ಅಷ್ಟೇನೂ ಖರ್ಚಿಲ್ಲ, ಓಡಾಟಕ್ಕೇ ಜಾಸ್ತಿ. ಹಾಗಾಗಿ ಓಡಾಟ ಕಡಿಮೆ ಮಾಡಿ, ಉಳಿಯುವುದನ್ನು ಜಾಸ್ತಿ ಮಾಡಿ. ಕೆಳಗಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಹೆಸರುಗಳ ಗೊಂದಲ ಮೊದಲೇ ಮುಗಿಸಿಬಿಡೋಣ. ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ಟಿಕೆಟ್ ಬುಕ್ ಮಾಡುವಾಗ ಎರಡೂ ಹೆಸರು ಎದುರಾಗುತ್ತವೆ, ಗಾಬರಿ ಬೇಡ. ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರೇ ಇದೆ, ಇಲ್ಲೂ ಅದನ್ನೇ ಬಳಸುತ್ತೇನೆ.

ಮೊದಲು ತಿಂಗಳು, ಆಮೇಲೆ ಉಳಿದದ್ದು

ಡಿಸೆಂಬರ್ 20ರಿಂದ ಜನವರಿ ಮೊದಲ ವಾರದವರೆಗೆ ಹೋಗಬೇಡಿ. ವಿಮಾನ, ರೂಮು ಎರಡೂ ಆಕಾಶಕ್ಕೆ ಏರಿರುತ್ತವೆ. ದೀಪಾವಳಿ ವಾರವೂ ಹಾಗೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೂಮು ಅಗ್ಗ, ನಿಜ, ಆದರೆ ಮಳೆಗಾಲದಲ್ಲಿ ಗೇಟ್‌ವೇಯಿಂದ ಮಾಂಡ್ವಾಕ್ಕೆ ಹೋಗುವ ಲಾಂಚ್ ನಿಲ್ಲುತ್ತದಲ್ಲ, ಅಲ್ಲೂ ಕಡಲು ಕೆಟ್ಟರೆ ಫೆರಿ ರದ್ದಾಗುತ್ತದೆ, ನೀರಿನ ಆಟಗಳೂ ಬಂದ್. ಅಕ್ಟೋಬರ್-ನವೆಂಬರಿನಲ್ಲಿ ಹಿಂಗಾರು ಮಳೆ, ಬಂಗಾಳ ಕೊಲ್ಲಿಯ ಚಂಡಮಾರುತ ಎರಡರ ಭಯವೂ ಇದೆ.

ನನ್ನ ಮಟ್ಟಿಗೆ ಜನವರಿ ಕೊನೆಯಿಂದ ಮಾರ್ಚ್‌ವರೆಗಿನ ಸಮಯ ಎಲ್ಲಕ್ಕಿಂತ ಒಳ್ಳೆಯದು. ಕಡಲು ಶಾಂತ, ನೀರು ತಿಳಿ. ಮನೆಯಲ್ಲಿ ಎಸ್ಸೆಸ್ಸಿ, ಎಚ್ಚೆಸ್ಸಿ ಮಕ್ಕಳಿದ್ದರೆ ಆಗ ಹೊರಡುವ ಮಾತೇ ಇಲ್ಲ, ಗೊತ್ತು. ಅಂಥವರು ಪರೀಕ್ಷೆ ಮುಗಿದ ಕೂಡಲೇ, ಎಲ್ಲರೂ ರಜೆಗೆ ಹೊರಡುವ ಮೊದಲು, ಏಪ್ರಿಲ್ ಶುರುವಿನಲ್ಲಿ ಹೋಗಿ ಬಂದುಬಿಡಿ. ಬಿಸಿಲು ಜೋರು, ಆದರೆ ಕಡಲು ಚೆನ್ನಾಗಿರುತ್ತದೆ. ಮೇ ತಿಂಗಳು ಹೇಗೂ ಊರಿನ ಮದುವೆ, ಕೋಲಗಳಿಗೆ ಮೀಸಲು, ಅಲ್ವಾ?

ವಿಮಾನದ ಟಿಕೆಟ್

ಮುಂಬಯಿಯಿಂದ ಹೋಗುವವರು ಹೆಚ್ಚಾಗಿ ಚೆನ್ನೈ, ಬೆಂಗಳೂರು ಅಥವಾ ಕೋಲ್ಕತ್ತದಲ್ಲಿ ವಿಮಾನ ಬದಲಿಸುತ್ತಾರೆ. ಚೆನ್ನೈಯಿಂದ ಪೋರ್ಟ್ ಬ್ಲೇರ್ ಎರಡು ಗಂಟೆಯ ಮೇಲೆ ಸ್ವಲ್ಪ. ಇಲ್ಲಿ ದುಡ್ಡು ಉಳಿಸಲು ಒಂದು ದಾರಿ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಬೆಂಗಳೂರಿನಲ್ಲಿ ಅಕ್ಕನ ಮನೆಯೋ ಚಿಕ್ಕಪ್ಪನ ಮನೆಯೋ ಇಲ್ಲದ ಮುಂಬಯಿ ಕನ್ನಡಿಗರು ಕಡಿಮೆ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗಿ, ಒಂದು ರಾತ್ರಿ ಅವರಲ್ಲಿ ಉಳಿದು, ಬೆಳಿಗ್ಗೆ ಅಲ್ಲಿಂದ ನೇರ ವಿಮಾನ ಹಿಡಿಯಿರಿ. ನಾಲ್ಕು ಜನರ ಕುಟುಂಬಕ್ಕೆ ಉಳಿಯುವುದು ಸಣ್ಣ ಮೊತ್ತವಲ್ಲ. ನೆಂಟರನ್ನು ನೋಡಿದ ಹಾಗೂ ಆಯಿತು. ರೈಲಿನಲ್ಲಿ ಹೆಚ್ಚುಕಡಿಮೆ ಒಂದಿಡೀ ದಿನ ಹೋಗುತ್ತದೆ ಅನ್ನುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಎರಡು ವಿಮಾನಕ್ಕೆ ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದರೆ ಕೆಲವೊಮ್ಮೆ ಅಗ್ಗ ಬೀಳುತ್ತದೆ. ಆದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಕೇಳುವವರಿಲ್ಲ, ಹೊಸ ಟಿಕೆಟ್ ನೀವೇ ಕೊಳ್ಳಬೇಕು. ನಡುವೆ ರಾತ್ರಿ ಉಳಿಯುವುದಿದ್ದರೆ ಮಾತ್ರ ಹಾಗೆ ಮಾಡಿ. ಇಲ್ಲದಿದ್ದರೆ ಪೂರ್ತಿ ದಾರಿಗೆ ಒಂದೇ ಟಿಕೆಟ್. ಶುಕ್ರವಾರ, ಶನಿವಾರ ಬಿಟ್ಟು ಮಂಗಳವಾರ, ಬುಧವಾರದ ದರ ನೋಡಿ.

ಮನೆಯಲ್ಲಿ ಯಾರಾದರೂ ಕೇಂದ್ರ ಸರ್ಕಾರಿ ನೌಕರರಿದ್ದರೆ ಎಲ್‌ಟಿಸಿಯಲ್ಲಿ (ರಜೆಯ ಪ್ರಯಾಣಕ್ಕೆ ಸರ್ಕಾರ ಕೊಡುವ ಸೌಲಭ್ಯ) ಅಂಡಮಾನ್‌ಗೆ ವಿಮಾನದಲ್ಲಿ ಹೋಗಲು ವಿಶೇಷ ಅವಕಾಶ ಕೊಡುತ್ತಾ ಬಂದಿದ್ದಾರೆ. ಈಗಿನ ನಿಯಮ ಏನು ಎಂದು ಆಫೀಸಿನಲ್ಲಿ ಕೇಳಿ, ಆಮೇಲೆ ಟಿಕೆಟ್ ಮಾಡಿಸಿ. ಮೊದಲು ಟಿಕೆಟ್, ಆಮೇಲೆ ವಿಚಾರಣೆ ಅಂತ ಮಾಡಿದರೆ ಬಿಲ್ ಪಾಸಾಗದೆ ವಾಪಸ್ ಬರಬಹುದು.

ಚೆನ್ನೈ, ಕೋಲ್ಕತ್ತ, ವಿಶಾಖಪಟ್ಟಣದಿಂದ ಹಡಗೂ ಇದೆ. ಬಂಕ್ ಕ್ಲಾಸ್ ಅಗ್ಗ. ಒಂದು ಕಡೆಗೇ ಸುಮಾರು ಮೂರು ದಿನ. ರಜೆ ಬೇಕಾದಷ್ಟಿರುವವರಿಗೆ ಸರಿ, ನೌಕರಿ ಮಾಡುವವರಿಗೆ ಅಲ್ಲ.

ಎರಡೇ ದ್ವೀಪ ಸಾಕು

ಈಗ ಆ ಪ್ಯಾಕೇಜಿನ ಕಾಗದ ಕೈಗೆ ತೆಗೆದುಕೊಳ್ಳಿ. 5 ರಾತ್ರಿ 6 ದಿನ. ಒಂದು ರಾತ್ರಿ ಪೋರ್ಟ್ ಬ್ಲೇರ್, ಎರಡು ರಾತ್ರಿ ಹ್ಯಾವ್‌ಲಾಕ್, ಒಂದು ನೀಲ್, ಮತ್ತೆ ಒಂದು ಪೋರ್ಟ್ ಬ್ಲೇರ್. ನಡುವೆ ಬೆಳಗಿನ ಜಾವ 3 ಗಂಟೆಗೆ ಎದ್ದು ಬಾರಾಟಾಂಗ್ ದ್ವೀಪ. 'ಎಲಿಫೆಂಟ್ ಬೀಚ್‌ನಲ್ಲಿ ಕಾಂಪ್ಲಿಮೆಂಟರಿ ಸ್ನಾರ್ಕೆಲಿಂಗ್' ಎಂದು ದಪ್ಪಕ್ಷರದಲ್ಲಿರುತ್ತದೆ. ಸ್ನಾರ್ಕೆಲಿಂಗ್ ಅಂದರೆ ಮಾಸ್ಕ್, ಉಸಿರಾಟದ ಕೊಳವೆ ಹಾಕಿಕೊಂಡು ತೇಲುತ್ತಾ ನೀರಡಿ ನೋಡುವುದು. ಈ ಉಚಿತ ಸ್ನಾರ್ಕೆಲಿಂಗಿನಲ್ಲಿ ನಿಮ್ಮನ್ನು ಟ್ಯೂಬಿಗೆ ಸಿಕ್ಕಿಸಿ, ಒಬ್ಬ ಹುಡುಗ ದಡದ ಹತ್ತಿರ ಸ್ವಲ್ಪ ಹೊತ್ತು ಎಳೆದಾಡಿ ವಾಪಸ್ ತರುತ್ತಾನೆ. ಮುಂದಕ್ಕೆ ಹೋಗಬೇಕಾದರೆ ದುಡ್ಡು ಬೇರೆ.

ನಾನಾದರೆ ಹೀಗೆ ಮಾಡುತ್ತೇನೆ: ಹ್ಯಾವ್‌ಲಾಕ್‌ನಲ್ಲಿ ಮೂರು ರಾತ್ರಿ, ನೀಲ್‌ನಲ್ಲಿ ಎರಡು, ಕೊನೆಯದೊಂದು ಪೋರ್ಟ್ ಬ್ಲೇರ್‌ನಲ್ಲಿ. ಬೆಳಿಗ್ಗೆ ಬೇಗ ಇಳಿಯುವ ವಿಮಾನವಾದರೆ ಮಧ್ಯಾಹ್ನದ ಫೆರಿಯಲ್ಲಿ ನೇರ ಹ್ಯಾವ್‌ಲಾಕ್‌ಗೆ. ಎರಡರ ನಡುವೆ ಮೂರು ಗಂಟೆಯಾದರೂ ಇರಲಿ. ಅಷ್ಟು ಅಂತರ ಸಿಗದಿದ್ದರೆ ಮೊದಲ ರಾತ್ರಿಯೂ ಪೋರ್ಟ್ ಬ್ಲೇರ್‌ನಲ್ಲೇ. ಅಲ್ಲಿಂದ ಹ್ಯಾವ್‌ಲಾಕ್, ಹ್ಯಾವ್‌ಲಾಕ್‌ನಿಂದ ನೀಲ್, ನೀಲ್‌ನಿಂದ ವಾಪಸ್ ಪೋರ್ಟ್ ಬ್ಲೇರ್. ಮೂರೇ ಫೆರಿ, ಒಂದೇ ದಾರಿ ಎರಡು ಸಲ ಇಲ್ಲ.

ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿರಲೇಬೇಕು, ಇದರಲ್ಲಿ ಚೌಕಾಸಿ ಬೇಡ. ವಿಮಾನದ ದಿನವೇ ಬೆಳಿಗ್ಗೆ ನೀಲ್‌ನಿಂದ ಹೊರಡುತ್ತೇವೆ ಅಂದುಕೊಂಡು ಅವತ್ತು ಫೆರಿ ರದ್ದಾದರೆ ಉಳಿಸಿದ್ದೆಲ್ಲ ಒಂದೇ ಏಟಿಗೆ ಹೋಗುತ್ತದೆ. ಆ ಸಂಜೆ ಸೆಲ್ಯುಲಾರ್ ಜೈಲು ನೋಡಿ. 1906ರಲ್ಲಿ ಕಟ್ಟಿ ಮುಗಿಸಿದ ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು.

ಬಾರಾಟಾಂಗ್ ಬಿಟ್ಟುಬಿಡಿ. ದುಡ್ಡಿಗಾಗಿ ಮಾತ್ರ ಹೇಳುತ್ತಿಲ್ಲ. ಆ ರಸ್ತೆ ಜಾರವಾ ಆದಿವಾಸಿಗಳ ಮೀಸಲು ಕಾಡಿನ ಮಧ್ಯೆ ಹೋಗುತ್ತದೆ. ಅವರ ಫೋಟೊ ತೆಗೆಯುವುದು ಅಪರಾಧ. ಸಾಲುಗಟ್ಟಿದ ಕಾರುಗಳಲ್ಲಿ ಕೂತು ಕಿಟಕಿಯಾಚೆ ಯಾರಾದರೂ ಕಾಣುತ್ತಾರಾ ಅಂತ ಕತ್ತು ಉದ್ದ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ.

ಸರ್ಕಾರಿ ಫೆರಿಯೋ, ಖಾಸಗಿಯೋ?

ಖಾಸಗಿ ಫೆರಿಗಳು ಎಸಿ, ವೇಗದವು, ಹ್ಯಾವ್‌ಲಾಕ್‌ಗೆ ಒಂದೂವರೆ ಗಂಟೆ ಸಾಕು. ಟಿಕೆಟ್ ಒಬ್ಬರಿಗೆ ಸಾವಿರ ದಾಟುತ್ತದೆ. ಸರ್ಕಾರಿ ಫೆರಿ ಎರಡು-ಎರಡೂವರೆ ಗಂಟೆ ತೆಗೆದುಕೊಳ್ಳುತ್ತದೆ, ದರ ಅದಕ್ಕಿಂತ ಎಷ್ಟೋ ಕಡಿಮೆ. ಪೋರ್ಟ್ ಬ್ಲೇರ್‌ನಲ್ಲಿ ಹೊರಡುವುದು ಫೀನಿಕ್ಸ್ ಬೇ ಜೆಟ್ಟಿಯಿಂದ. ಸೀಟಿಗೆ ಸ್ಥಳೀಯರದೂ ಪೈಪೋಟಿ, ಅವರಿಗೆ ಅದೇ ಬಸ್ಸು ತಾನೇ. ಹಾಗಾಗಿ ಪೂರ್ತಿ ಅದನ್ನೇ ನಂಬಿ ಕೂರಬೇಡಿ. ಹೋಗುವಾಗ ಖಾಸಗಿ ಫೆರಿ ಮೊದಲೇ ಬುಕ್ ಮಾಡಿ, ಬರುವಾಗ ಸರ್ಕಾರಿ ಫೆರಿಗೆ ಪ್ರಯತ್ನಿಸಿ. ಡೆಕ್ ಮೇಲೆ ನಿಲ್ಲಲು ಬಿಟ್ಟರೆ ನಿಲ್ಲಿ, ಗಾಳಿ ಸಿಗುತ್ತದೆ, ಅದೃಷ್ಟ ಇದ್ದರೆ ಹಾರುವ ಮೀನೂ ಕಾಣಬಹುದು. ಫೆರಿಯ ಹೊತ್ತು ಗೊತ್ತಾದ ಮೇಲೆ ರೂಮು ಬುಕ್ ಮಾಡಿ, ಮೊದಲು ಬೇಡ. ತಲೆ ಸುತ್ತುವವರು ಡಾಕ್ಟರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ.

ಭಾರತೀಯರಿಗೆ ಈ ಮೂರು ಕಡೆಗೂ ಪರ್ಮಿಟ್ ಬೇಡ. ಆಧಾರ್ ಮೂಲಪ್ರತಿ ಇರಲಿ, ಮಕ್ಕಳದ್ದೂ.

ರೂಮು, ಸ್ಕೂಟರ್, ಊಟ

ಕಡಲಿಗೆ ಮುಖ ಮಾಡಿದ ರೆಸಾರ್ಟ್ ಬೇಕೇ ಬೇಕು ಅಂತಿಲ್ಲದಿದ್ದರೆ ಹ್ಯಾವ್‌ಲಾಕ್‌ನ ಗೋವಿಂದನಗರ, ವಿಜಯನಗರದ ರಸ್ತೆ ಬದಿಯಲ್ಲಿ ಗೆಸ್ಟ್‌ಹೌಸ್‌ಗಳಿವೆ. ಸೀಸನ್ ಜೋರಿಲ್ಲದಾಗ ಸಾವಿರದಿಂದ ಎರಡು ಸಾವಿರದೊಳಗೆ ಶುಚಿಯಾದ ರೂಮು ಸಿಗುತ್ತದೆ. ಮೊದಲೆರಡು ರಾತ್ರಿಗೆ ಮಾತ್ರ ಬುಕ್ ಮಾಡಿ ಹೋಗಿ. ಹಿಡಿಸಿದರೆ ಅಲ್ಲೇ ಮುಂದುವರಿಸಿ, ಮೂರನೆಯ ರಾತ್ರಿಗೆ ಮಾಲೀಕರ ಹತ್ತಿರ ನೇರ ಮಾತಾಡಿದರೆ ದರ ಸ್ವಲ್ಪ ಇಳಿಯುವುದೂ ಉಂಟು. ನಮ್ಮ ಮುಂಬಯಿ ಹಿಂದಿ ಸಾಕು.

ಕಾರು ಬೇಡ. ಸ್ಕೂಟರ್ ದಿನಕ್ಕೆ ಸುಮಾರು 500 ರೂಪಾಯಿಗೆ ಬಾಡಿಗೆಗೆ ಸಿಗುತ್ತದೆ, ಲೈಸೆನ್ಸ್ ಇಟ್ಟುಕೊಂಡಿರಿ. ತೆಗೆದುಕೊಳ್ಳುವ ಮೊದಲು ಗಾಡಿಯ ಸುತ್ತ ಒಂದು ವಿಡಿಯೊ ಮಾಡಿಕೊಳ್ಳಿ, ಹಳೆಯ ಗೀರು ನಿಮ್ಮ ತಲೆಗೆ ಬರಬಾರದು. ರಾಧಾನಗರ ಬೀಚ್‌ಗೆ ಬಸ್ಸೂ ಉಂಟು.

ಈ ದ್ವೀಪಗಳಲ್ಲಿ ಬಂಗಾಳಿಗಳೇ ಜಾಸ್ತಿ. ಜೆಟ್ಟಿ ಹತ್ತಿರದ ಸಣ್ಣ ಹೋಟೆಲುಗಳಲ್ಲಿ ಅನ್ನ, ಬೇಳೆ, ಮೀನಿನ ಸಾರಿನ ಥಾಲಿ ಸಿಗುತ್ತದೆ. ಸಾಸಿವೆ ಎಣ್ಣೆಯ ವಾಸನೆ ನಮ್ಮ ಬಂಗುಡೆ ಪುಳಿಮುಂಚಿಗೆ ಒಗ್ಗಿದ ಮೂಗಿಗೆ ಮೊದಲ ದಿನ ಸ್ವಲ್ಪ ಖಾರ ಅನ್ನಿಸಬಹುದು. ಸಸ್ಯಾಹಾರಿಗಳಿಗೂ ತೊಂದರೆಯಿಲ್ಲ, ಪೋರ್ಟ್ ಬ್ಲೇರ್‌ನಲ್ಲಿ ಇಡ್ಲಿ-ದೋಸೆ ಧಾರಾಳ. ತರಕಾರಿ ಚೆನ್ನಾಗಿ ಬೆಳೆಯುವುದು ನೀಲ್‌ನಲ್ಲಿ. ರೆಸಾರ್ಟಿನೊಳಗೆ ಉಣ್ಣದಿದ್ದರೆ ಊಟದ ಖರ್ಚು ಅಂಥದ್ದೇನಲ್ಲ.

ನಗದು ಒಯ್ಯಿರಿ. ಚೆನ್ನೈಯಿಂದ ಕಡಲಡಿಯ ಕೇಬಲ್ 2020ರಲ್ಲಿ ಬಂದ ಮೇಲೆ ನೆಟ್‌ವರ್ಕ್ ಸುಧಾರಿಸಿದೆ. ಆದರೂ ಎಲ್ಲ ಅಂಗಡಿಯಲ್ಲೂ, ಎಲ್ಲ ಹೊತ್ತಲ್ಲೂ ಯುಪಿಐ ನಡೆಯುತ್ತದೆ ಅನ್ನುವ ಹಾಗಿಲ್ಲ. ಎಟಿಎಂಗಳೂ ಕೆಲವೇ.

ಗಡಿಯಾರ ಬದಲಾಗದಿದ್ದರೂ ದಿನ ಬದಲಾಗುತ್ತದೆ

ಮುಂಬಯಿ ಇರುವುದು 73 ಡಿಗ್ರಿ ಪೂರ್ವ ರೇಖಾಂಶದ ಹತ್ತಿರ, ಪೋರ್ಟ್ ಬ್ಲೇರ್ 93ರ ಹತ್ತಿರ. ಡಿಗ್ರಿಗೆ 4 ನಿಮಿಷದಂತೆ ಸುಮಾರು 80 ನಿಮಿಷದ ವ್ಯತ್ಯಾಸ. ಗಡಿಯಾರ ಮಾತ್ರ ಒಂದೇ. ಹಾಗಾಗಿ ಡಿಸೆಂಬರಿನಲ್ಲಿ ಅಲ್ಲಿ ಸಂಜೆ 5ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ನಮ್ಮ ಅಭ್ಯಾಸದಂತೆ 9ಕ್ಕೆ ಎದ್ದು, 11ಕ್ಕೆ ಹೊರಟು, ಮೂರಕ್ಕೆ ಊಟ ಮಾಡುವವರಿಗೆ ಕಡಲು ಸಿಗುವುದೇ ಇಲ್ಲ. ಐದೂವರೆಗೆ ಏಳಿ. ಬೆಳಗಿನ ಹೊತ್ತು ಹ್ಯಾವ್‌ಲಾಕ್‌ನ ಕಾಲಾಪತ್ಥರ್ ದಂಡೆಯಲ್ಲಿ ಜನವೂ ಕಡಿಮೆ, ಬಿಸಿಲೂ ಹದ. ಸಂಜೆ ನಾಲ್ಕಕ್ಕೆಲ್ಲ ರಾಧಾನಗರದಲ್ಲಿರಿ, ಅದು ಪಡುವಣ ದಿಕ್ಕಿನ ಬೀಚು. 2020ರಲ್ಲಿ ನಮ್ಮ ಪಡುಬಿದ್ರಿ, ಕಾಸರಕೋಡಿನ ಜೊತೆಗೇ ಇದಕ್ಕೂ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತ್ತು.

ಇನ್ನು ಉಬ್ಬರ-ಇಳಿತ. ಪ್ಯಾಕೇಜಿನವರು ಇದನ್ನು ಹೇಳುವುದೇ ಇಲ್ಲ. ನೀಲ್‌ನ ಭರತ್‌ಪುರ ಬೀಚ್‌ಗೆ ಇಳಿತದ ಹೊತ್ತಿಗೆ ಹೋದರೆ ನೀರು ಎಲ್ಲೋ ದೂರ ಸರಿದಿರುತ್ತದೆ. ಬೆಳಿಗ್ಗೆ ತೇಲುತ್ತಿದ್ದ ದೋಣಿಗಳು ಮರಳಿನ ಮೇಲೆ ಒಂದು ಪಕ್ಕಕ್ಕೆ ವಾಲಿ ಕೂತಿರುತ್ತವೆ. ಕಾಲಿಟ್ಟಲ್ಲೆಲ್ಲ ಸತ್ತ ಹವಳದ ಚೂರು ಚುಚ್ಚುತ್ತದೆ. ಸಣ್ಣ ಹೊಂಡಗಳಲ್ಲಿ ಉಗುರುದ್ದದ ಮೀನು, ಕಪ್ಪಗೆ ಮೆತ್ತಗೆ ಬಿದ್ದುಕೊಂಡಿರುವ ಕಡಲ ಸೌತೆ ಎಂಬ ಜೀವಿ. ನೋಡಲು ಚೆಂದ, ಈಜಲು ಆಗುವುದಿಲ್ಲ. ಅದೇ ಹೊತ್ತಿಗೆ ಲಕ್ಷ್ಮಣಪುರದ ಕಡೆಯ ಕಲ್ಲಿನ ಕಮಾನಿಗೆ ಹೋದರೆ ದಾರಿ ತೆರೆದಿರುತ್ತದೆ, ಉಬ್ಬರದಲ್ಲಿ ಅಲ್ಲಿಗೆ ನಡೆಯಲಾಗದು. ಅಂದರೆ ಇಳಿತಕ್ಕೆ ಕಮಾನು, ಉಬ್ಬರಕ್ಕೆ ಭರತ್‌ಪುರ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಗೆಸ್ಟ್‌ಹೌಸಿನಲ್ಲಿ ಕೇಳಿ, ಇಲ್ಲವೇ ಫೋನಿನಲ್ಲಿ ನೋಡಿ.

ಹೊರಡುವ ಮೊದಲು ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಕೂಡ ತಿರುವಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇಳಿತ ಜಾಸ್ತಿ. ರಾತ್ರಿ ನೀರಿನಲ್ಲಿ ಕೈಯಾಡಿಸಿದರೆ ಮಿನುಗುವ ಬೆಳಕು ನೋಡುವ ಆಸೆಯಿದ್ದರೆ ಅಮಾವಾಸ್ಯೆ ವಾರವೇ ಆಗಬೇಕು.

ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ

ಎಲ್ಲದರಲ್ಲೂ ಕೈ ಹಿಡಿದರೆ ಹೋದ ಸುಖ ಏನು? ಜೆಟ್‌ಸ್ಕೀ, ಬನಾನಾ ಬೋಟ್ ಮುಂಬಯಿ ಸುತ್ತಮುತ್ತಲೂ ಸಿಗುತ್ತವೆ, ಬಿಡಿ. ಆ ದುಡ್ಡನ್ನು ಒಂದು ಸ್ಕೂಬಾ ಡೈವ್‌ಗೆ ಇಡಿ. ಈಜು ಬಾರದವರನ್ನೂ ಕೋಚ್ ಕೈಹಿಡಿದು ಇಳಿಸುತ್ತಾರೆ. ಆಸ್ತಮಾ, ಹೃದಯ, ಕಿವಿಯ ತೊಂದರೆಯಿದ್ದರೆ ಫಾರ್ಮಿನಲ್ಲಿ ಮುಚ್ಚಿಡಬೇಡಿ. ಡೈವ್ ಮಾಡಿದ ಮೇಲೆ ವಿಮಾನ ಹತ್ತುವುದಕ್ಕೆ ಒಂದಿಡೀ ದಿನದ ಅಂತರವಿರಲಿ, ಹಾಗಾಗಿ ಅದನ್ನು ಹ್ಯಾವ್‌ಲಾಕ್‌ನ ಎರಡನೆಯ ದಿನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಮೊಸಳೆಯ ಎಚ್ಚರಿಕೆ ಫಲಕ ಇರುವ ಕಡೆ ನೀರಿಗಿಳಿಯಬೇಡಿ. ಉಪ್ಪುನೀರಿನ ಮೊಸಳೆ ಅಲ್ಲಿ ನಿಜಕ್ಕೂ ಇದೆ, ಸುಮ್ನೆ ಹೆದರಿಸಲು ಹಾಕಿದ ಫಲಕವಲ್ಲ.

ವಾಪಸ್ ಬರುವಾಗ ದಂಡೆಯಿಂದ ಹೆಕ್ಕಿದ ಚಿಪ್ಪು, ಹವಳ ಬ್ಯಾಗಿಗೆ ಹಾಕಬೇಡಿ. ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸುತ್ತಾರೆ. ಮಕ್ಕಳ ಜೇಬನ್ನು ನೀವೇ ಒಮ್ಮೆ ತಡವಿ ನೋಡುವುದು ವಾಸಿ. ಚಿಪ್ಪಿನ ಸಾಮಾನು ಬೇಕೇ ಬೇಕೆಂದರೆ ಪೋರ್ಟ್ ಬ್ಲೇರ್‌ನ ಸರ್ಕಾರಿ ಅಂಗಡಿ ಸಾಗರಿಕಾ ಎಂಪೋರಿಯಂನಲ್ಲಿ ಕೊಂಡು, ಬಿಲ್ಲನ್ನು ಬೋರ್ಡಿಂಗ್ ಪಾಸ್ ಜೊತೆಗೇ ಇಟ್ಟುಕೊಳ್ಳಿ.