ಬಿಪಿ ಇದೆಯಾ? ಸದ್ದಿಲ್ಲದ ಹೃದಯಾಘಾತವನ್ನು ಗುರುತಿಸುವುದು ಹೀಗೆ

ಎದೆ ಹಿಡಿದುಕೊಂಡು ಕುಸಿದರೆ ಮಾತ್ರ ಹೃದಯಾಘಾತ ಅಂದುಕೊಂಡವರೇ ಜಾಸ್ತಿ. ಆದರೆ ಬಿಪಿ ಇರುವವರಿಗೆ, ಅದರಲ್ಲೂ ಜೊತೆಗೆ ಶುಗರ್ ಇದ್ದರೆ, ಎದೆನೋವೇ ಇಲ್ಲದೆ ಅದು ಆಗಿಹೋಗಬಹುದು. ಎಷ್ಟೋ ಸಲ ಗೊತ್ತಾಗುವುದು ಮುಂದೆ ಯಾವತ್ತೋ ಇಸಿಜಿ ಮಾಡಿಸಿದಾಗ.

ಮೊದಲು ಏರು ದಾರಿಯನ್ನು ಗಮನಿಸಿ. ಕೊಡಗಿನಲ್ಲಿ ತೋಟದಿಂದ ಮನೆಗೆ ಬರಬೇಕೆಂದರೆ ಏರು ಹತ್ತಲೇಬೇಕಲ್ವಾ? ಹೋದ ತಿಂಗಳು ಒಂದೇ ಉಸಿರಿಗೆ ಹತ್ತುತ್ತಿದ್ದ ಏರಿನಲ್ಲಿ ಈಗ ಸಿಲ್ವರ್ ಮರಕ್ಕೆ ಕೈಕೊಟ್ಟು ನಿಲ್ಲಬೇಕಾಗುತ್ತಿದೆಯೇ? ‘ಕಾಫಿ ಕೊಯ್ಲಿನ ಸುಸ್ತು’ ಎಂದು ಸುಮ್ನಿರಬೇಡಿ. ಕಾರಣವಿಲ್ಲದ ಆಯಾಸ, ಗ್ಯಾಸ್‌ನಂಥ ಸಂಕಟ, ದವಡೆ ಅಥವಾ ಬೆನ್ನಿನ ನೋವು ಕೂಡ ಹೃದಯದ್ದೇ ಇರಬಹುದು. ಪರೀಕ್ಷೆಗೆಂದು ಬೇಕಂತಲೇ ಏರು ಹತ್ತಲು ಹೋಗಬೇಡಿ.

ಆಮೇಲೆ ಬಿಪಿ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಕಳೆದಿರಲಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಮಾತಾಡದೆ ಕುಳಿತುಕೊಳ್ಳಿ. ಪಾದ ನೆಲದ ಮೇಲಿರಲಿ, ತೋಳು ಎದೆಯ ಮಟ್ಟದಲ್ಲಿರಲಿ. ಬಿಪಿ ಯಂತ್ರದ ಪಟ್ಟಿಯನ್ನು ಸ್ವೆಟರ್ ಮೇಲೆ ಕಟ್ಟಬೇಡಿ, ಚಳಿಯಿದ್ದರೂ ತೋಳು ಬಿಚ್ಚಿಯೇ ಕಟ್ಟಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ಹೀಗೆ ಒಂದು ವಾರ, ಬೆಳಿಗ್ಗೆ ಮತ್ತು ಸಂಜೆ. ಮನೆಯಲ್ಲಿ 135/85 ದಾಟುತ್ತಲೇ ಇದ್ದರೆ ವೈದ್ಯರಿಗೆ ತೋರಿಸಿ. ಚಳಿಗಾಲದಲ್ಲಿ ಬಿಪಿ ಏರುವುದು ಸಾಮಾನ್ಯ. ಕೊಯ್ಲಿನ ಗಡಿಬಿಡಿಯಲ್ಲಿ ಮಾತ್ರೆ ತಪ್ಪಿಸುವುದೂ ಅದೇ ಸಮಯಕ್ಕೆ. ದಯವಿಟ್ಟು ತಪ್ಪಿಸಬೇಡಿ. ಒಣಮೀನು, ಉಪ್ಪಿನಕಾಯಿ ಕಡಿಮೆ ಮಾಡಿ.

ಅನುಮಾನ ಬಂದರೆ ಇಸಿಜಿ ಮಾಡಿಸಿ. ಅದು ನಾರ್ಮಲ್ ಬಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಎಕೋ ಎಂಬ ಹೃದಯದ ಸ್ಕ್ಯಾನ್ ಬೇಕೇ, ಟ್ರೋಪೋನಿನ್ ಎಂಬ ರಕ್ತಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ.

ಇದ್ದಕ್ಕಿದ್ದಂತೆ ಉಸಿರು ಕಟ್ಟಿ ತಣ್ಣನೆಯ ಬೆವರು ಬಂದರೆ ಸೋಡಾ ಕುಡಿದು ಕಾಯಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ, ನೀವೇ ಜೀಪು ಓಡಿಸಬೇಡಿ. ನೇರ ಮೈಸೂರಿಗೇ ಹೊರಡುವ ಅಭ್ಯಾಸ ನಮ್ಮಲ್ಲಿದೆ. ಮಡಿಕೇರಿಯಿಂದ ಅದು ಸುಮಾರು 120 ಕಿ.ಮೀ. ಅಷ್ಟರಲ್ಲಿ ಹೃದಯದ ಸ್ನಾಯು ಸಾಯುತ್ತಲೇ ಇರುತ್ತದೆ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಆಗಲಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ಸರ್ಕಾರಿ ಆಸ್ಪತ್ರೆಗಳಲ್ಲಿ, ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ.

ಹೋಗುವಾಗ ಹಳೆಯ ಇಸಿಜಿ ಮತ್ತು ಮಾತ್ರೆ ಚೀಟಿ ಜೊತೆಗಿರಲಿ. ಹಳೆಯದರ ಪಕ್ಕ ಹೊಸದನ್ನು ಇಟ್ಟು ನೋಡಿದರೆ, ಏನು ಬದಲಾಗಿದೆ ಎಂದು ವೈದ್ಯರಿಗೆ ಬೇಗ ತಿಳಿಯುತ್ತದೆ. ಎರಡನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮನೆಯವರೆಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇವತ್ತೇ ಇಟ್ಟುಬಿಡಿ.